ಹೊರದೇಶದ ಮೆಷೀನು ರೂಪಾಯಿ ತೋರಿಸಿದರೆ ಬೇಡ ಅನ್ನಿ

ಬೇಸಿಗೆ ರಜೆ ಮುಗಿದು ಜೂನ್ ಬಂತೆಂದರೆ ಕಾರ್ಡ್ ಸ್ಟೇಟ್‌ಮೆಂಟ್ ಹಿಡಿದವರು ನನ್ನ ಮೇಜಿನ ಮುಂದೆ ಬಂದು ಕೂರುತ್ತಾರೆ. ದುಬೈ ನೋಡಿ ಬಂದವರು, ಬ್ಯಾಂಕಾಕ್‌ಗೆ ಹೋಗಿ ಬಂದ ಹೊಸ ಜೋಡಿಗಳು, ಮಗಳ ಬಾಣಂತನಕ್ಕೆಂದು ಹೋಗಿ ಆರು ತಿಂಗಳು ಇದ್ದು ಬಂದ ಅಮ್ಮಂದಿರು. ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ: "ನಾನು ಅಲ್ಲಿ ರೂಪಾಯಿಯಲ್ಲೇ ಕೊಟ್ಟಿದ್ದೆ ಸಾರ್. ಆದರೂ ಫಾರಿನ್ ಚಾರ್ಜ್ ಯಾಕೆ ಹಾಕಿದ್ದಾರೆ?"

ರೂಪಾಯಿಯಲ್ಲಿ ಕೊಟ್ಟಿದ್ದಕ್ಕೇ ಇಷ್ಟು ಜಾಸ್ತಿ ಆಗಿದೆ ಅಂದರೆ ಯಾರೂ ತಟ್ಟನೆ ನಂಬುವುದಿಲ್ಲ. ನಮ್ಮ ಕಾರ್ಡು, ನಮ್ಮ ಬ್ಯಾಂಕು, ನಮ್ಮ ರೂಪಾಯಿ, ಇದರಲ್ಲಿ ಫಾರಿನ್ ಎಲ್ಲಿಂದ ಬಂತು ಅನ್ನುತ್ತಾರೆ. ಕೇಳುವುದಕ್ಕೆ ಸರಿಯಾಗಿಯೇ ಇದೆ. ಅದಕ್ಕೇ ಓದಿದವರು, ಲೆಕ್ಕದಲ್ಲಿ ಜಾಣರಾದವರು ಕೂಡ ಇಲ್ಲಿ ಬೀಳುತ್ತಾರೆ. ಈ ಸಲ ಇದೊಂದನ್ನೇ ಬಿಡಿಸಿ ಹೇಳುತ್ತೇನೆ. ಕಾರ್ಡಿಗೆ ಹೊರದೇಶದ ಬಳಕೆ ಆನ್ ಮಾಡಿಕೊಳ್ಳುವುದು, ಖರ್ಚಿಗೆ ಮಿತಿ ಹಾಕುವುದು, ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ.

ಮೊದಲು ಮಾಮೂಲಿ ದಾರಿ ನೋಡೋಣ. ದುಬೈನ ಅಂಗಡಿಯಲ್ಲಿ 1000 ದಿರ್ಹಾಮ್ ಬಿಲ್ಲಾಯಿತು, ಕಾರ್ಡ್ ಕೊಟ್ಟಿರಿ. ಅದು ದಿರ್ಹಾಮ್‌ನಲ್ಲೇ ಹೋದರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ (ನಿಮ್ಮ ಕಾರ್ಡಿನ ಮೇಲೆ ಹೆಸರಿರುವ ಕಂಪನಿ) ತನ್ನ ಆ ದಿನದ ದರದಲ್ಲಿ ರೂಪಾಯಿಗೆ ತಿರುಗಿಸುತ್ತದೆ. ಆ ದರ ಮಾರುಕಟ್ಟೆ ದರದ ಹತ್ತಿರವೇ ಇರುತ್ತದೆ. ಅವರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಅದರ ಮೇಲೆ ನಿಮ್ಮ ಬ್ಯಾಂಕು ಫಾರಿನ್ ಕರೆನ್ಸಿ ಮಾರ್ಕಪ್, ಅಂದರೆ ತನ್ನದೊಂದು ಹೆಚ್ಚುವರಿ ಶುಲ್ಕ, ಹಾಕುತ್ತದೆ. ನಮ್ಮಲ್ಲಿ ತುಂಬಾ ಕಾರ್ಡುಗಳಿಗೆ ಇದು ಶೇ 3.5. ಕೆಲವಕ್ಕೆ ಶೇ 2, ಕೆಲವಕ್ಕೆ ಏನೂ ಇಲ್ಲ. ಮಾರ್ಕಪ್ ಮೇಲೆ ಶೇ 18 ಜಿಎಸ್‌ಟಿ ಸೇರಿ ಶೇ 3.5 ಎಂಬುದು ಕೊನೆಗೆ ಶೇ 4.13 ಆಗುತ್ತದೆ. ಇದು ನೀವು ತಪ್ಪಿಸಬೇಕು ಅಂದುಕೊಂಡಿರುವ ಚಾರ್ಜು.

ಈಗ ಇನ್ನೊಂದು ದಾರಿ. ಕಾರ್ಡ್ ಹಾಕಿದ ಕೂಡಲೇ ಅದು ಭಾರತದ್ದು ಅಂತ ಅಂಗಡಿಯ ಮೆಷೀನಿಗೆ ಗೊತ್ತಾಗುತ್ತದೆ. ಪರದೆಯ ಮೇಲೆ ಎರಡು ಮೊತ್ತ ಬರುತ್ತವೆ, ಒಂದು ದಿರ್ಹಾಮ್‌ನಲ್ಲಿ, ಒಂದು ರೂಪಾಯಿಯಲ್ಲಿ. ಯಾವುದು ಬೇಕು ಅಂತ ಕೇಳುತ್ತದೆ. ಇದಕ್ಕೆ ಡೈನಮಿಕ್ ಕರೆನ್ಸಿ ಕನ್ವರ್ಷನ್, ಚಿಕ್ಕದಾಗಿ ಡಿಸಿಸಿ ಅನ್ನುತ್ತಾರೆ. ನೀವು ರೂಪಾಯಿ ಒತ್ತಿದರೆ ದಿರ್ಹಾಮನ್ನು ರೂಪಾಯಿಗೆ ತಿರುಗಿಸುವವರು ವೀಸಾದವರಲ್ಲ, ನಿಮ್ಮ ಬ್ಯಾಂಕಿನವರೂ ಅಲ್ಲ. ಆ ಅಂಗಡಿಯ ಬ್ಯಾಂಕು, ಅಥವಾ ಅದಕ್ಕೆ ಈ ಸೇವೆ ಕೊಡುವ ಕಂಪನಿ. ದರ ಅವರದು. ಅದರಲ್ಲಿ ಅವರ ಲಾಭ ಮೊದಲೇ ಸೇರಿಕೊಂಡಿರುತ್ತದೆ, ಅಂಗಡಿಯವನಿಗೂ ಸಾಮಾನ್ಯವಾಗಿ ಒಂದು ಪಾಲು ಹೋಗುತ್ತದೆ. ಕ್ಯಾಶ್ ಕೌಂಟರಿನ ಹುಡುಗ ನಗುನಗುತ್ತಾ "ರುಪೀಸ್, ಸರ್?" ಅಂತ ಕೇಳುವುದು ನಿಮ್ಮ ಅನುಕೂಲಕ್ಕೆ ಅಂತ ತಿಳಿಯಬೇಡಿ.

ಅಂಕಿ ಹಾಕಿ ನೋಡಿದರೆ ಸ್ಪಷ್ಟವಾಗುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ದಿರ್ಹಾಮ್‌ಗೆ 24 ರೂಪಾಯಿ ಎಂದಿಟ್ಟುಕೊಳ್ಳಿ. ನಿಮ್ಮ ಕಾರ್ಡಿನ ಮಾರ್ಕಪ್ ಶೇ 3.5 ಇರಲಿ. ದಿರ್ಹಾಮ್‌ನಲ್ಲೇ ಕೊಟ್ಟರೆ 24,000ದ ಮೇಲೆ 840 ಮಾರ್ಕಪ್, ಅದಕ್ಕೆ ಸುಮಾರು 151 ಜಿಎಸ್‌ಟಿ. ಒಟ್ಟು 24,991 ರೂಪಾಯಿ. ರೂಪಾಯಿ ಒತ್ತಿದಿರಿ, ಮೆಷೀನಿನ ದರದಲ್ಲಿ ಶೇ 6 ಸೇರಿಸಿದ್ದಾರೆ ಅನ್ನೋಣ. ಅಲ್ಲೇ 25,440 ಆಯಿತು.

ಇಷ್ಟಕ್ಕೆ ಮುಗಿದಿದ್ದರೆ ಹೋಗಲಿ ಅನ್ನಬಹುದಿತ್ತು. ಮುಗಿಯುವುದಿಲ್ಲ. ಇದು ನಾನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದ ಭಾಗ. ನಿಮ್ಮ ಬ್ಯಾಂಕು ಕರೆನ್ಸಿ ಯಾವುದು ಅಂತ ಮಾತ್ರ ನೋಡುವುದಿಲ್ಲ, ವ್ಯಾಪಾರಿ ಯಾವ ದೇಶದವನು ಅಂತಲೂ ನೋಡುತ್ತದೆ. ರೂಪಾಯಿಯಲ್ಲೇ ಬಂದರೂ ವ್ಯಾಪಾರಿ ಹೊರಗಿನವನಾದರೆ ನಮ್ಮ ಹಲವು ಬ್ಯಾಂಕುಗಳು ಡಿಸಿಸಿ ಶುಲ್ಕ ಅಂತ ಬೇರೆಯೇ ಒಂದನ್ನು ಹಾಕುತ್ತವೆ. ಕೆಲವರದು ಶೇ 1ರ ಆಸುಪಾಸು, ಕೆಲವರು ಪೂರ್ತಿ ಮಾರ್ಕಪ್ಪನ್ನೇ ಹಾಕುತ್ತಾರೆ. ಮೇಲಿನ ಲೆಕ್ಕಕ್ಕೆ ಶೇ 1 ಮತ್ತು ಜಿಎಸ್‌ಟಿ ಸೇರಿಸಿದರೆ 25,740. ಶೇ 3.5ನ್ನೇ ಹಾಕಿದರೆ 26,490 ದಾಟುತ್ತದೆ. ಅದೇ ಸಾಮಾನನ್ನು ಮಾರ್ಕಪ್ ಇಲ್ಲದ ಕಾರ್ಡಿನಲ್ಲಿ ದಿರ್ಹಾಮ್ ಒತ್ತಿ ಕೊಂಡಿದ್ದರೆ ಬರೀ 24,000. ಮಾರ್ಕಪ್ ಇಲ್ಲ ಅಂತ ಹುಡುಕಿ, ವರ್ಷದ ಫೀ ಕಟ್ಟಿ ಕಾರ್ಡ್ ಮಾಡಿಸಿಕೊಂಡವರೂ ಅಲ್ಲಿ ಹೋಗಿ ರೂಪಾಯಿ ಒತ್ತಿ ಬರುತ್ತಾರೆ. ನನಗೆ ನಿಜವಾಗಿ ಬೇಜಾರಾಗುವುದು ಅವರನ್ನು ನೋಡಿದಾಗ.

ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್ ನನ್ನ ಹತ್ತಿರ ಬರುತ್ತಾರೆ. ಡಬ್ಲಿನ್‌ನಲ್ಲಿ ಮಗಳ ಮನೆಗೆ ಹೋಗಿ ಬಂದರು. ಪ್ರತಿ ರಸೀದಿಯನ್ನೂ ದಿನಾಂಕದ ಪ್ರಕಾರ ಜೋಡಿಸಿ, ಕ್ಲಿಪ್ ಹಾಕಿ ತಂದಿದ್ದರು. "ನೋಡಪ್ಪಾ, ಎಲ್ಲಾ ಕಡೆ ರೂಪಾಯಿ ಅಂತಲೇ ಹೇಳಿದ್ದೀನಿ, ಒಂದು ಕಡೆಯೂ ಮರೆತಿಲ್ಲ" ಅಂದರು. ಮೊಮ್ಮಗುವಿಗೆ ಸ್ವೆಟರ್ ಕೊಂಡ ರಸೀದಿ ಮೇಲೇ ಇತ್ತು. ನಾನು ಅದರ ಕೆಳಗಿನ ಸಣ್ಣ ಅಕ್ಷರ ತೋರಿಸಿದೆ. ಯೂರೋ ಮೊತ್ತ, ಅದರ ಕೆಳಗೆ ಐಎನ್‌ಆರ್ (ಅಂದರೆ ರೂಪಾಯಿ) ಮೊತ್ತ, ವಿನಿಮಯ ದರ, ಮಾರ್ಜಿನ್ ಶೇ 5. ಕೊನೆಯ ಸಾಲಿನಲ್ಲಿ, ನನಗೆ ಕರೆನ್ಸಿ ಆರಿಸುವ ಅವಕಾಶ ಕೊಟ್ಟಿದ್ದಾರೆ, ನನ್ನ ಆಯ್ಕೆಯೇ ಅಂತಿಮ ಎಂಬ ಒಪ್ಪಿಗೆ. ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ಅವರು ಕೇಳಿದ್ದು ಒಳ್ಳೆಯ ಪ್ರಶ್ನೆ: "ರೂಪಾಯಿ ಆದರೆ ಎಷ್ಟು ಹೋಗುತ್ತೆ ಅಂತ ಅಲ್ಲೇ ಗೊತ್ತಾಗುತ್ತಲ್ಲ, ಅದು ಒಳ್ಳೆಯದಲ್ವಾ?"

ಗೊತ್ತಾಗುತ್ತದೆ, ನಿಜ. ಮೀಟರ್ ಹಾಕದೆ ಮೊದಲೇ ರೇಟು ಹೇಳುವ ಆಟೋದಲ್ಲೂ ಎಷ್ಟು ಕೊಡಬೇಕು ಅಂತ ಹತ್ತುವ ಮುಂಚೆಯೇ ಗೊತ್ತಿರುತ್ತದೆ. ಮೊತ್ತ ತಿಳಿಯಬೇಕು ಅಂತಿದ್ದರೆ ಮೊಬೈಲಿನಲ್ಲಿ ಆ ದಿನದ ದರ ನೋಡಿ ಗುಣಿಸಿ, ಅದಕ್ಕೆ ನೂರಕ್ಕೆ ನಾಲ್ಕು ಸೇರಿಸಿ. ಅಷ್ಟೇ ಸಾಕು.

ಎಟಿಎಂನಲ್ಲಿ ತೊಂದರೆ ಇನ್ನೂ ಜಾಸ್ತಿ, ಯಾಕೆಂದರೆ ಅಲ್ಲಿ ಹೆದರಿಕೆ ಸೇರಿಕೊಳ್ಳುತ್ತದೆ. ಹಣ ಬರುವ ಮುಂಚೆ ಪರದೆಯಲ್ಲಿ ಒಂದು ದರ ತೋರಿಸಿ ಎರಡು ಬಟನ್ ಕೊಡುತ್ತದೆ, 'ಅಕ್ಸೆಪ್ಟ್ ಕನ್ವರ್ಷನ್' ಮತ್ತು 'ಡಿಕ್ಲೈನ್ ಕನ್ವರ್ಷನ್'. ಡಿಕ್ಲೈನ್ ಒತ್ತಿದರೆ ವ್ಯವಹಾರವೇ ರದ್ದಾಗುತ್ತದೆ, ಕಾರ್ಡ್ ಒಳಗೇ ಸಿಕ್ಕಿಕೊಳ್ಳುತ್ತದೆ ಅಂತ ಜನ ಹೆದರಿ ಅಕ್ಸೆಪ್ಟ್ ಒತ್ತುತ್ತಾರೆ. ಹಿಂದೆ ಕ್ಯೂ ಬೇರೆ ಇರುತ್ತದೆ. ದಯವಿಟ್ಟು ಗಮನಿಸಿ: ನೀವು ಬೇಡ ಅನ್ನುತ್ತಿರುವುದು ಅವರ ದರವನ್ನು ಮಾತ್ರ, ಹಣವನ್ನಲ್ಲ. ಡಿಕ್ಲೈನ್ ಒತ್ತಿದರೂ ನೋಟು ಬರುತ್ತದೆ, ನಿಮ್ಮ ಬ್ಯಾಂಕಿನ ಮಾಮೂಲಿ ಲೆಕ್ಕದಲ್ಲಿ. ಎಟಿಎಂನವರ ಸ್ವಂತ ಶುಲ್ಕ ಬೇರೆ. ಥಾಯ್ಲೆಂಡಿನಲ್ಲಿ ಒಂದು ಸಲ ತೆಗೆದರೆ ಸಾಮಾನ್ಯವಾಗಿ 220 ಬಾತ್ ಅಥವಾ ಅದಕ್ಕೂ ಮೇಲೆ ಹಿಡಿಯುತ್ತಾರೆ, ಅದನ್ನು ತಪ್ಪಿಸಲಾಗದು. ಅದಕ್ಕೇ ಸಣ್ಣ ಸಣ್ಣ ಮೊತ್ತ ನಾಲ್ಕು ಸಲ ತೆಗೆಯುವ ಬದಲು ಒಂದೇ ಸಲ ತೆಗೆಯಿರಿ. ಕ್ರೆಡಿಟ್ ಕಾರ್ಡಿನಲ್ಲಿ ಮಾತ್ರ ನಗದು ಬೇಡವೇ ಬೇಡ, ತೆಗೆದ ದಿನದಿಂದಲೇ ಬಡ್ಡಿ ಶುರು.

ಹೊರಡುವ ಮುಂಚೆಯೇ ಹೊರದೇಶದ ಹಣ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡ್ ಬಗ್ಗೆ ಕೇಳುವವರಿಗೆ ಒಂದೇ ಮಾತು. ಹೋಗುವ ದೇಶದ ಕರೆನ್ಸಿಯನ್ನೇ ತುಂಬಿಸಿ. ಡಾಲರ್ ತುಂಬಿಸಿಕೊಂಡು ಪ್ಯಾರಿಸ್‌ನಲ್ಲಿ ಯೂರೋ ಬಿಲ್ಲಿಗೆ ಉಜ್ಜಿದರೆ ಕ್ರಾಸ್ ಕರೆನ್ಸಿ ಚಾರ್ಜ್ ಬೀಳುತ್ತದೆ, ಹಲವು ಕಾರ್ಡುಗಳಲ್ಲಿ ಅದೂ ಶೇ 3.5ರ ಹತ್ತಿರ. ಇನ್ನು ಟಿಸಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿಯುವ ತೆರಿಗೆ: ಫಾರೆಕ್ಸ್ ಕಾರ್ಡಿಗೆ ತುಂಬಿಸುವ ಹಣ ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಇಟ್ಟಿರುವ ಯೋಜನೆ) ಲೆಕ್ಕಕ್ಕೆ ಬರುತ್ತದೆ. ಪ್ರವಾಸದ ಖರ್ಚಿಗಾದರೆ 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ದಾಟಿದ ಮೇಲೆ ಮಾತ್ರ ತೆರಿಗೆ ಹಿಡಿಯುತ್ತಾರೆ. ಅದನ್ನೂ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಸಾಮಾನ್ಯ ಪ್ರವಾಸಕ್ಕೆ ಇದರ ಚಿಂತೆ ಬೇಡ. ನಿಯಮ ಬದಲಾಗುತ್ತಿರುತ್ತದೆ, ದೊಡ್ಡ ಮೊತ್ತವಾದರೆ ನಿಮ್ಮ ಆಡಿಟರನ್ನು ಕೇಳಿಯೇ ಮುಂದುವರಿಯಿರಿ.

ಮನೆಯಲ್ಲಿ ಕೂತಿದ್ದೇನೆ, ನನಗೇನು ಅನ್ನಬೇಡಿ. ಹೊರಗಿನ ಏರ್‌ಲೈನ್ಸ್‌ನ ಸೈಟು, ಹೋಟೆಲ್ ಬುಕಿಂಗ್ ಸೈಟುಗಳು ಬೆಲೆಯನ್ನು ರೂಪಾಯಿಯಲ್ಲಿ ತೋರಿಸುತ್ತವೆ. ಹಣ ಪಡೆಯುವ ಕಂಪನಿ ಹೊರದೇಶದ್ದಾಗಿದ್ದರೆ, ನೀವು ಕುವೆಂಪುನಗರದಲ್ಲಿ ಕೂತು ಕಟ್ಟಿದರೂ ಆ ಡಿಸಿಸಿ ಶುಲ್ಕ ಬೀಳಬಹುದು. ಅಲ್ಲಿ ಕರೆನ್ಸಿ ಬದಲಿಸುವ ಆಯ್ಕೆ ಇದ್ದರೆ ಎರಡನ್ನೂ ಹೋಲಿಸಿ ನೋಡಿ. ಇಲ್ಲಿ ನಾನು ಕಣ್ಣು ಮುಚ್ಚಿ ಹೀಗೇ ಮಾಡಿ ಅನ್ನಲಾರೆ. ಕೆಲವು ಕಂಪನಿಗಳು ಭಾರತದಲ್ಲೇ ಹಣ ಪಡೆಯುತ್ತವೆ, ಆಗ ರೂಪಾಯಿಯೇ ಸರಿ. ನಿಮ್ಮ ಬ್ಯಾಂಕಿನ ಸೈಟಿನಲ್ಲಿ ಕಾರ್ಡಿನ ಶುಲ್ಕಗಳ ಪಟ್ಟಿ ಇರುತ್ತದೆ. ಹೊರಡುವ ಮುಂಚೆ ಅದರಲ್ಲಿ ಮಾರ್ಕಪ್ ಎಷ್ಟು, ಡಿಸಿಸಿ ಶುಲ್ಕ ಎಷ್ಟು ಅಂತ ಎರಡು ಸಾಲು ಓದಿಕೊಳ್ಳಿ.

ಎಷ್ಟೋ ಸಲ ಅಂಗಡಿಯವನೇ ನಿಮ್ಮನ್ನು ಕೇಳದೆ ರೂಪಾಯಿ ಒತ್ತಿಬಿಡುತ್ತಾನೆ. ವೀಸಾ, ಮಾಸ್ಟರ್‌ಕಾರ್ಡ್ ನಿಯಮದ ಪ್ರಕಾರ ಆರಿಸುವ ಹಕ್ಕು ನಿಮ್ಮದು, ಅವನದಲ್ಲ. ಮೆಷೀನನ್ನು ನಿಮ್ಮ ಕೈಗೆ ಕೊಡಲು ಹೇಳಿ. ಪಿನ್ ಒತ್ತುವ ಮುಂಚೆ ಪರದೆ ನೋಡಿ. ವ್ಯವಹಾರ ಆಗಿಹೋಗಿದ್ದರೆ ಅಲ್ಲೇ ನಿಂತು ಅದನ್ನು ರದ್ದು ಮಾಡಿಸಿ, ಅಲ್ಲಿಯ ಕರೆನ್ಸಿಯಲ್ಲಿ ಮತ್ತೆ ಹಾಕಿಸಿ. ಊರಿಗೆ ಬಂದ ಮೇಲೆ ಬ್ಯಾಂಕಿಗೆ ದೂರು ಕೊಡಬಹುದು, ಆದರೆ ರಸೀದಿಯಲ್ಲಿ ನಿಮ್ಮ ಒಪ್ಪಿಗೆಯ ಸಾಲು ಇದ್ದರೆ ಗೆಲ್ಲುವುದು ಕಷ್ಟ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಮೊಬೈಲಿಗೆ ಬ್ಯಾಂಕಿನ ಮೆಸೇಜ್ ಬರುತ್ತದೆ. ಅದರಲ್ಲಿ ಐಎನ್‌ಆರ್ ಅಂತ ಕಂಡರೆ ರಸೀದಿ ನೋಡದೆ ಕೌಂಟರ್ ಬಿಟ್ಟು ಕದಲಬೇಡಿ.