ಟ್ಯೂರಿಂಗ್ ಹುಟ್ಟಿದ ಮನೆಗೆ ನೀಲಿ ಫಲಕ ಬಂದ ದಾರಿ

ಲಂಡನ್ನಿನ ಮೈಡಾ ವೇಲ್‌ನಲ್ಲಿ ವಾರಿಂಗ್ಟನ್ ಕ್ರೆಸೆಂಟ್ ಎಂಬ ರಸ್ತೆಯಿದೆ. ಅಲ್ಲಿನ 2ನೇ ನಂಬರಿನ ಕಟ್ಟಡದ ಗೋಡೆಯಲ್ಲಿ ಒಂದು ದುಂಡು ನೀಲಿ ಫಲಕ. ಅಲನ್ ಟ್ಯೂರಿಂಗ್, 1912–1954, ಗೂಢಲಿಪಿ ಭೇದಿಸಿದವರು, ಕಂಪ್ಯೂಟರ್ ವಿಜ್ಞಾನದ ಪ್ರವರ್ತಕರು, ಇಲ್ಲಿ ಹುಟ್ಟಿದರು. ಅದರ ಮೇಲಿರುವುದು ಇಷ್ಟೇ. ಅದು ಗೋಡೆ ಸೇರಿದ್ದು 1998ರಲ್ಲಿ, ಅವರು ಸತ್ತು 44 ವರ್ಷಗಳಾದ ಮೇಲೆ.

ನಿಜ ಹೇಳಬೇಕೆಂದರೆ, ಈ ಕಟ್ಟಡಕ್ಕೂ ಟ್ಯೂರಿಂಗರಿಗೂ ನಂಟು ತೀರ ತೆಳು. 1912ರಲ್ಲಿ ಅದು ವಾರಿಂಗ್ಟನ್ ಲಾಡ್ಜ್ ಎಂಬ ನರ್ಸಿಂಗ್ ಹೋಂ, ಆಮೇಲೆ ಹೋಟೆಲಾಯಿತು. ಕುಟುಂಬದ ಬದುಕೆಲ್ಲ ಮದ್ರಾಸ್ ಪ್ರಾಂತ್ಯದಲ್ಲಿತ್ತು. ತಂದೆ ಜೂಲಿಯಸ್ ಐಸಿಎಸ್ ಅಧಿಕಾರಿ. ಮದುವೆಗೆ ಮುಂಚೆ ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಕೆಲಸ ಮಾಡಿದವರು. ತಾಯಿ ಸಾರಾ ಅವರ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್, ತುಂಗಭದ್ರೆಗೆ ರೈಲು ಸೇತುವೆ ಕಟ್ಟಿದವರು. ಅಣ್ಣ ಜಾನ್ ಹುಟ್ಟಿದ್ದು ಕೂನೂರಿನಲ್ಲಿ. ಇನ್ನೊಂದು ಮಗು ಇಂಗ್ಲೆಂಡಿನಲ್ಲೇ ಆಗಲಿ ಎಂದು ದಂಪತಿ ಛತ್ರಪುರದಿಂದ ಹಡಗು ಹತ್ತಿದ್ದರಿಂದ ಲಂಡನ್ನಿಗೆ ಈ ವಿಳಾಸ ದಕ್ಕಿತು. ವರ್ಷ ತುಂಬುವುದರೊಳಗೆ ತಂದೆ ಭಾರತಕ್ಕೆ ವಾಪಸು, 1913ರ ಸೆಪ್ಟೆಂಬರಿನಲ್ಲಿ ತಾಯಿಯೂ. ಮಕ್ಕಳಿಬ್ಬರೂ ಇಂಗ್ಲೆಂಡಿನ ಕಡಲತೀರದ ಊರು ಸೇಂಟ್ ಲೆನರ್ಡ್ಸ್‌ನಲ್ಲಿ ಪರರ ಆಶ್ರಯದಲ್ಲಿ ಉಳಿದರು.

ಹಾಗಿದ್ದೂ ಫಲಕ ಇಲ್ಲಿಗೇ ಏಕೆ? ಅದಕ್ಕೆ ಲಂಡನ್ನಿನ ಫಲಕ ಯೋಜನೆಯ ಚರಿತ್ರೆ ನೋಡಬೇಕು. 1863ರಲ್ಲಿ ಸಂಸದ ವಿಲಿಯಂ ಯೂವರ್ಟ್ ಸಂಸತ್ತಿನಲ್ಲಿ ಈ ವಿಚಾರ ಎತ್ತಿದರು, 1866ರಲ್ಲಿ ಸೊಸೈಟಿ ಆಫ್ ಆರ್ಟ್ಸ್ ಕೈಗೆತ್ತಿಕೊಂಡಿತು. 1867ರ ಮೊದಲ ಫಲಕವೂ ಹುಟ್ಟಿದ ಮನೆಗೇ ಬಿತ್ತು: ಹೋಲ್ಸ್ ಸ್ಟ್ರೀಟಿನ ಬೈರನ್ ಮನೆ. 1889ರಲ್ಲಿ ಮನೆ ಕೆಡವಿದರು, ಫಲಕವೂ ಹೋಯಿತು. ಈ ದೌರ್ಬಲ್ಯ ಇಂದಿಗೂ ಹಾಗೇ ಇದೆ; ಫಲಕ ಬಿದ್ದ ಮಾತ್ರಕ್ಕೆ ಕಟ್ಟಡಕ್ಕೆ ಕಾನೂನಿನ ರಕ್ಷಣೆ ಸಿಗುವುದಿಲ್ಲ. ಬ್ಲಾಂಡ್‌ಫರ್ಡ್ ಸ್ಟ್ರೀಟಿನಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಪುಸ್ತಕಗಳಿಗೆ ರಟ್ಟು ಕಟ್ಟುವುದನ್ನು ಕಲಿತ ಅಂಗಡಿಯ 1876ರ ಫಲಕ ಇನ್ನೂ ಉಳಿದಿದೆ. ಅದು ನೀಲಿಯಲ್ಲ, ಕಂದು. ನೀಲಿ ಬಣ್ಣ ದುಬಾರಿಯೆಂದು ತಯಾರಕರು ಕಂದನ್ನೇ ಒಪ್ಪಿಸಿದ್ದರು.

1901ರಲ್ಲಿ ಯೋಜನೆ ಲಂಡನ್ ಕೌಂಟಿ ಕೌನ್ಸಿಲ್ ಕೈಗೆ, 1965ರಲ್ಲಿ ಗ್ರೇಟರ್ ಲಂಡನ್ ಕೌನ್ಸಿಲ್‌ಗೆ, 1986ರಲ್ಲಿ ಪಾರಂಪರಿಕ ಕಟ್ಟಡಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಗೆ ಬಂತು. ಈಗ ಕಾಣುವ ಸರಳ ವಿನ್ಯಾಸ 1938ರದು. ಕಲಾಶಾಲೆಯ ಒಬ್ಬ ವಿದ್ಯಾರ್ಥಿಗೆ ನಾಲ್ಕು ಗಿನಿ (ನಾಲ್ಕು ಪೌಂಡಿಗಿಂತ ತುಸು ಹೆಚ್ಚು) ಕೊಟ್ಟು ಬರೆಸಿದ್ದು. ಹೆಸರನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಹೆಸರು ಉಳಿಸುವುದೇ ಕಸುಬಾದ ಯೋಜನೆಯಲ್ಲಿ ಇಂಥ ಮರೆವು!

ನಿಯಮಗಳು ಬಿಗಿ. ವ್ಯಕ್ತಿ ತೀರಿ 20 ವರ್ಷ ಕಳೆದಿರಬೇಕು. ಅವರ ನಂಟಿನ ಕಟ್ಟಡ ಲಂಡನ್ನಿನಲ್ಲಿ ಇನ್ನೂ ನಿಂತಿರಬೇಕು. ಫಲಕ ಬೀದಿಯಿಂದ ಓದಿಸಿಕೊಳ್ಳಬೇಕು. ಮಾಲೀಕರು ಒಪ್ಪಬೇಕು. ತಪ್ಪು ಹೆಚ್ಚಾಗಿ ನುಸುಳುವುದು ವಿಳಾಸದಲ್ಲಿ: ಒಂದೂವರೆ ಶತಮಾನದಲ್ಲಿ ಬೀದಿಗಳ ಹೆಸರು, ಮನೆಗಳ ನಂಬರು ಬದಲಾಗಿರುತ್ತವೆ. ಹಾಗಾಗಿ ಜನನ ದಾಖಲೆ, ಮತದಾರರ ಪಟ್ಟಿ, ಹಳೆಯ ವಿಳಾಸ ಪುಸ್ತಕಗಳನ್ನು ಒಂದಕ್ಕೊಂದು ತಾಳೆ ಹಾಕಿ ನೋಡುತ್ತಾರೆ.

ಫಲಕದ ಅಡ್ಡಳತೆ 495 ಮಿಲಿಮೀಟರ್, ದಪ್ಪ ಸುಮಾರು 50. ತೆಳು ಜೇಡಿಮಣ್ಣನ್ನು ಅಚ್ಚಿಗೆ ಹೊಯ್ದು ಒಣಗಿಸುತ್ತಾರೆ. ಒಣಗುವಾಗಲೂ ಸುಡುವಾಗಲೂ ಮಣ್ಣು ಕುಗ್ಗುವುದರಿಂದ ಅಚ್ಚು ಅಷ್ಟು ದೊಡ್ಡದಿರಬೇಕು. ಅಕ್ಷರಗಳನ್ನು ಕೇಕಿನ ಮೇಲೆ ಹೆಸರು ಬರೆದಂತೆ ಕೊಳವೆಯಿಂದ ಹಿಂಡಿ ಕೈಯಲ್ಲೇ ಬರೆಯುತ್ತಾರೆ. ಸುಟ್ಟ ಮೇಲೆ ಮುಖ ತುಸು ಉಬ್ಬಿರುತ್ತದೆ, ಮಳೆನೀರು ಜಾರಿ ಧೂಳು ತೊಳೆದುಹೋಗಲೆಂದು. ಗೋಡೆಗೆ ಮೊಳೆ ಹೊಡೆದು ತಗುಲಿಹಾಕುವುದಿಲ್ಲ. ಗೋಡೆ ಕೊರೆದು, ಗುಳಿಯಲ್ಲಿ ಕೂರಿಸಿ, ಸುತ್ತ ಗಾರೆ ತುಂಬುತ್ತಾರೆ. ಕಬ್ಬಿಣದ ಮೊಳೆಯಾದರೆ ತುಕ್ಕು ಉಬ್ಬಿ ಪಿಂಗಾಣಿ ಸೀಳುತ್ತದೆ.

ಟ್ಯೂರಿಂಗ್ 1954ರ ಜೂನ್ 7ರಂದು ತೀರಿಕೊಂಡರು, ಆದ್ದರಿಂದ 20 ವರ್ಷದ ಗಡುವು 1974ಕ್ಕೇ ಮುಗಿದಿತ್ತು. ಆದರೆ ಫಲಕದ ಆ ಮೊದಲ ಬಿರುದನ್ನು, ಗೂಢಲಿಪಿ ಭೇದಿಸಿದವರು ಎಂಬುದನ್ನು, ಅಲ್ಲಿಯವರೆಗೆ ಯಾರೂ ಬರೆಸುವಂತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕ್ ಎಂಬ ಗುಪ್ತ ಕೇಂದ್ರದಲ್ಲಿ ಜರ್ಮನ್ನರ ಎನಿಗ್ಮಾ ಯಂತ್ರದ ಗೂಢಲಿಪಿ ಒಡೆದ ಕೆಲಸ ಸರ್ಕಾರಿ ಗುಟ್ಟಾಗಿತ್ತು. ಅದು ಹೊರಬೀಳತೊಡಗಿದ್ದೇ 1974ರಲ್ಲಿ. ಗಣಿತಜ್ಞ ಆ್ಯಂಡ್ರೂ ಹಾಡ್ಜಸ್ ಬರೆದ ಜೀವನಚರಿತ್ರೆ 1983ರಲ್ಲಿ ಬಂತು. ಅದಾದ ಮೇಲೆಯೇ ಸಾಮಾನ್ಯ ಓದುಗರಿಗೆ ಯುದ್ಧದ ಕೆಲಸ, ಗಣಿತ, 1952ರ ಸಲಿಂಗಕಾಮದ ಮೊಕದ್ದಮೆ ಮೂರೂ ಒಂದೇ ಮನುಷ್ಯನ ಕತೆಯಾಗಿ ಸಿಕ್ಕಿದ್ದು.

ಅನಾವರಣ 1998ರ ಜೂನ್ 23ರಂದು, ಬದುಕಿದ್ದರೆ ಅವರಿಗೆ 86 ತುಂಬುತ್ತಿದ್ದ ದಿನ. ಪರದೆ ಸರಿಸಿದವರು ಹಾಡ್ಜಸ್. ಹಿಂದಿನ ರಾತ್ರಿಯಷ್ಟೇ ಕಾಮನ್ಸ್ ಸಭೆ ಸಲಿಂಗಿಗಳಿಗೂ ಸಮ್ಮತಿಯ ವಯಸ್ಸು 16 ಎಂದು ಮತ ಹಾಕಿತ್ತು. ಲಾರ್ಡ್ಸ್ ಸಭೆ ಆಮೇಲೆ ತಡೆದದ್ದರಿಂದ ಅದು ಕಾನೂನಾಗಲು 2000 ಹಿಡಿಯಿತು. ಟ್ಯೂರಿಂಗರನ್ನು ನಡೆಸಿಕೊಂಡ ರೀತಿಗೆ ಪ್ರಧಾನಿ ಗಾರ್ಡನ್ ಬ್ರೌನ್ ಕ್ಷಮೆ ಕೇಳಿದ್ದು 2009ರಲ್ಲಿ, 1952ರ ಆ ಮೊಕದ್ದಮೆಯ ಶಿಕ್ಷೆಗೆ ರಾಣಿಯ ಕ್ಷಮಾದಾನ 2013ರಲ್ಲಿ. ಫಲಕದಲ್ಲಿ ಇದಾವುದೂ ಇಲ್ಲ. ಇಷ್ಟಗಲದ ಪಿಂಗಾಣಿಯಲ್ಲಿ ಜಾಗವೂ ಇಲ್ಲ.

ಬಾಲ್ಯ ನಿಜವಾಗಿ ಕಳೆದ ಸೇಂಟ್ ಲೆನರ್ಡ್ಸ್‌ನ ಬ್ಯಾಸ್ಟನ್ ಲಾಡ್ಜ್‌ಗೆ ಫಲಕ ಬಂದದ್ದು 2012ರಲ್ಲಿ, ಅವರ ಜನ್ಮಶತಾಬ್ದಿಯಂದು. ಆ ಊರು ಲಂಡನ್ನಿನ ಹೊರಗಿರುವುದರಿಂದ ಅದು ಈ ಯೋಜನೆಯ ಲೆಕ್ಕಕ್ಕೆ ಸೇರುವುದಿಲ್ಲ.