ಒಂದು ಈರುಳ್ಳಿ ಹಿಡಿದು ಜೀವಕೋಶದ ಪಾಠ

ಎಂಟನೇ ಕ್ಲಾಸಿನ ಪರೀಕ್ಷೆಯಲ್ಲಿ ಈರುಳ್ಳಿ ಪೊರೆಯ ಕೋಶದ ಚಿತ್ರ ಬರೆಯಲು ಕೇಳಿದ್ದರು. ನಾನು ಅಂದವಾಗಿ ಬರೆದು, ಒಳಗೆ ನಾಲ್ಕು ಹಸಿರು ಕ್ಲೋರೋಪ್ಲಾಸ್ಟ್ (ಎಲೆಗೆ ಹಸಿರು ಬಣ್ಣ ಕೊಡುವ ಪುಟ್ಟ ಭಾಗ) ಕೂಡ ಹಾಕಿದ್ದೆ. ಅಂಕ ಹೋಯಿತು. ಸಸ್ಯಕೋಶ ಅಂದಮೇಲೆ ಕ್ಲೋರೋಪ್ಲಾಸ್ಟ್ ಇರಲೇಬೇಕಲ್ವಾ ಅಂತ ವಾದ ಬೇರೆ ಮಾಡಿದೆ. ಮನೆಗೆ ಬಂದು ಈರುಳ್ಳಿ ಹೆಚ್ಚುವಾಗ ಹೊಳೆಯಿತು: ಇದರಲ್ಲಿ ಹಸಿರು ಎಲ್ಲಿದೆ? ಅಂದಿನಿಂದ ಈ ಪಾಠವನ್ನು ನಾನು ಈರುಳ್ಳಿ ಹಿಡಿದೇ ಓದುವುದು. ಹೆಸರುಗಳ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಇದು ಸುಲಭ.

ಮೊದಲು ಸ್ಲೈಡ್. ಈರುಳ್ಳಿಯ ದಪ್ಪ ಪದರ ಒಂದನ್ನು ಮುರಿದು, ಅದರ ಒಳಮೈಯಿಂದ ತೆಳ್ಳಗಿನ ಪೊರೆಯನ್ನು ಚಿಮಟದಲ್ಲಿ ಎಳೆಯಿರಿ. ನೀರಿನ ಹನಿಯಲ್ಲಿ ಮಡಚದಂತೆ ಹರಡಿ, ಬಣ್ಣ ಬರಲು ಒಂದು ಹನಿ ಅಯೋಡಿನ್ ಅಥವಾ ಸ್ಯಾಫ್ರನಿನ್ ಹಾಕಿ. ಕವರ್ ಸ್ಲಿಪ್ಪನ್ನು ಓರೆಯಾಗಿ ಇಳಿಸಿ. ದೊಪ್ಪನೆ ಬಿಟ್ಟರೆ ಗಾಳಿಗುಳ್ಳೆ ಸೇರಿಕೊಳ್ಳುತ್ತದೆ. ಗುಂಡಗೆ, ಅಂಚು ದಪ್ಪ ಕಪ್ಪಗೆ ಕಂಡರೆ ಅದು ಗುಳ್ಳೆ, ಕೋಶವಲ್ಲ. ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಗುಳ್ಳೆಯ ಚಿತ್ರವನ್ನೇ ಬರೆದಿದ್ದೆವು!

ಸರಿಯಾಗಿ ಬಂದರೆ, ಸೂಕ್ಷ್ಮದರ್ಶಕದಲ್ಲಿ ಇಟ್ಟಿಗೆ ಜೋಡಿಸಿದಂತೆ ಉದ್ದನೆಯ ಕೋಶಗಳು ಸಾಲಾಗಿ ಕಾಣುತ್ತವೆ. ಆ ಗೆರೆಗಳು ಕೋಶಭಿತ್ತಿ. ಸೆಲ್ಯುಲೋಸಿನಿಂದ ಆದ ಗಟ್ಟಿ ಗೋಡೆ ಅದು. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ಕಂಡು 'ಸೆಲ್' ಎಂದು ಹೆಸರಿಟ್ಟದ್ದು ಇಂಥ ಗೋಡೆಗಳ ನಡುವಿನ ಕೋಣೆಗಳಿಗೇ. ಬೆಂಡು ಸತ್ತ ಭಾಗ, ಹಾಗಾಗಿ ಅವನಿಗೆ ಕಂಡದ್ದು ಖಾಲಿ ಕೋಣೆಗಳು. ಒಳಗಿದ್ದವರು ಮನೆ ಬಿಟ್ಟು ಎಷ್ಟೋ ಕಾಲವಾಗಿತ್ತು.

ಹಾಗಾದರೆ ಕೋಶವನ್ನು ಸುತ್ತಿರುವ ತೆಳು ಹೊದಿಕೆ, ಅಂದರೆ ಕೋಶಪೊರೆ ಎಲ್ಲಿ? ಭಿತ್ತಿಗೂ ಪೊರೆಗೂ ಗೊಂದಲ ಆಗುವುದೇ ಇಲ್ಲಿ. ಪೊರೆ ಗೋಡೆಯ ಒಳಮೈಗೆ ಒತ್ತಿಕೊಂಡಿರುತ್ತದೆ, ಬೇರೆಯಾಗಿ ಕಾಣುವುದಿಲ್ಲ. ಕಾಣಿಸಲು ಒಂದು ಉಪಾಯ ಇದೆ. ಕೆಂಪು ಈರುಳ್ಳಿಯ ಪದರದ ಹೊರಮೈಯಿಂದ ನೇರಳೆ ಬಣ್ಣದ ತೆಳು ಸಿಪ್ಪೆ ತೆಗೆದು ಸ್ಲೈಡ್ ಮಾಡಿ. ಬಣ್ಣ ಹಾಕುವುದು ಬೇಡ. ಕವರ್ ಸ್ಲಿಪ್ಪಿನ ಅಂಚಿಗೆ ಗಟ್ಟಿ ಉಪ್ಪುನೀರು ಬಿಟ್ಟು, ಇನ್ನೊಂದು ಅಂಚಿನಿಂದ ಕಾಗದದಲ್ಲಿ ನೀರು ಹೀರಿ. ಕೆಲವೇ ನಿಮಿಷದಲ್ಲಿ ನೇರಳೆ ಭಾಗ ಗೋಡೆಯಿಂದ ಬಿಟ್ಟುಕೊಂಡು ಮುದುಡುತ್ತದೆ. ಗೋಡೆ ಮಾತ್ರ ಇದ್ದಲ್ಲೇ ನಿಂತಿರುತ್ತದೆ. ಆ ಮುದುಡಿದ ನೇರಳೆ ಉಂಡೆಯ ಅಂಚೇ ಕೋಶಪೊರೆ.

ಆದದ್ದು ಇಷ್ಟೇ. ಪೊರೆ ನೀರನ್ನು ಸಲೀಸಾಗಿ ಬಿಡುತ್ತದೆ, ಉಪ್ಪು, ಸಕ್ಕರೆ, ಬಣ್ಣಗಳನ್ನು ಹಾಗೆ ಬಿಡುವುದಿಲ್ಲ. ಹೊರಗೆ ಉಪ್ಪು ಜಾಸ್ತಿಯಾದಾಗ ಒಳಗಿನ ನೀರು ಹೊರಕ್ಕೆ ಹೋಯಿತು. ಇದಕ್ಕೆ ಅಭಿಸರಣೆ ಎಂದು ಹೆಸರು. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕು ಅಂತ ಅಮ್ಮ ಹೇಳುವುದೂ ಇದಕ್ಕೇ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಮೆತ್ತಗಾಗುತ್ತದೆ.

ನಮ್ಮ ಕೋಶಗಳಿಗೆ ಭಿತ್ತಿ ಇಲ್ಲ, ಪೊರೆ ಮಾತ್ರ. ಅದಕ್ಕೇ ಕೆಂಪು ರಕ್ತಕಣವನ್ನು ಬರೀ ನೀರಿಗೆ ಹಾಕಿದರೆ ನೀರು ಒಳನುಗ್ಗಿ ಕಣ ಉಬ್ಬಿ ಒಡೆಯುತ್ತದೆ. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿಯ ಮೇಲೆ 0.9% ಎಂದು ಬರೆದಿರುವುದನ್ನು ನೋಡಿದ್ದೀರಾ? ರಕ್ತಕಣ ಉಬ್ಬದೆ, ಮುದುಡದೆ ಇರಲು ಬೇಕಾದ ಉಪ್ಪಿನ ಲೆಕ್ಕ ಅದು. ಈರುಳ್ಳಿ ಕೋಶವನ್ನು ನೀರಿನಲ್ಲಿಟ್ಟರೆ ಉಬ್ಬುತ್ತದೆ, ಆದರೆ ಗೋಡೆ ತಡೆದು ನಿಲ್ಲಿಸುತ್ತದೆ. ಬಾಡಿದ ಸೊಪ್ಪಿಗೆ ನೀರು ಚಿಮುಕಿಸಿದರೆ ಮತ್ತೆ ಸೆಟೆದು ನಿಲ್ಲುವುದು ಹೀಗೆ.

ಆ ನೇರಳೆ ಬಣ್ಣ ಇರುವುದು ರಸದಾನಿಯಲ್ಲಿ, ಅಂದರೆ ಕೋಶದೊಳಗಿನ ರಸ ತುಂಬಿದ ಚೀಲದಲ್ಲಿ. ಬೆಳೆದ ಸಸ್ಯಕೋಶದ ಮುಕ್ಕಾಲು ಜಾಗವನ್ನು ಒಂದೇ ದೊಡ್ಡ ರಸದಾನಿ ಹಿಡಿದಿರುತ್ತದೆ. ಪೊರೆಯೊಳಗೆ ತುಂಬಿರುವ ಲೋಳೆಯಂಥ ಕೋಶದ್ರವ್ಯ ಅಂಚಿಗೆ ಸರಿದಿರುತ್ತದೆ. ಪ್ರಾಣಿಕೋಶದಲ್ಲಿ ರಸದಾನಿ ಇದ್ದರೂ ಚಿಕ್ಕವು.

ಈಗ ಕಣ್ಣೀರಿನ ವಿಷಯ. ಈರುಳ್ಳಿಯ ರಸದಾನಿಯಲ್ಲಿ ಒಂದು ಕಿಣ್ವ (ರಾಸಾಯನಿಕ ಕ್ರಿಯೆಯನ್ನು ಬೇಗ ನಡೆಸುವ ವಸ್ತು) ಇದೆ. ಅದು ಕೆಲಸ ಮಾಡಬೇಕಾದ ಗಂಧಕದ ಸಂಯುಕ್ತಗಳು ಹೊರಗೆ ಕೋಶದ್ರವ್ಯದಲ್ಲಿವೆ. ಮಧ್ಯೆ ಪೊರೆ ಇರುವವರೆಗೆ ಎರಡೂ ಸೇರುವುದಿಲ್ಲ. ಇಡೀ ಈರುಳ್ಳಿ ಮೂಸಿದರೆ ಕಣ್ಣು ಉರಿಯುವುದಿಲ್ಲ ಅಲ್ವಾ? ಚಾಕು ಬಿದ್ದಾಗ ಕೋಶ ಒಡೆದು ಎರಡೂ ಬೆರೆಯುತ್ತವೆ, ಕಣ್ಣು ಉರಿಸುವ ಅನಿಲ ಹುಟ್ಟುತ್ತದೆ. ಚಾಕು ಹರಿತವಾಗಿದ್ದರೆ ಜಜ್ಜಿ ಒಡೆಯುವ ಕೋಶಗಳು ಕಡಿಮೆ, ಉರಿಯೂ ಕಡಿಮೆ. ಕೋಶದೊಳಗೆ ಇಷ್ಟೊಂದು ಪೊರೆಯ ಚೀಲಗಳು ಏಕೆ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಒಳ್ಳೆಯ ಉತ್ತರ ಇದೇ.

ಆ ಕಿಣ್ವ ಎಲ್ಲಿಂದ ಬಂತು? ಕಿಣ್ವ ಎಂದರೆ ಪ್ರೋಟೀನು, ಪ್ರೋಟೀನು ಕಟ್ಟುವುದು ರೈಬೋಸೋಮ್. ಅಲ್ಲಿಂದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಯ ಜಾಲದ ಒಳಗೆ ಸಾಗಿ, ಗಾಲ್ಗಿ ಎಂಬ ಪೊರೆಯ ಪದರಗಳಲ್ಲಿ ತಿದ್ದಿಸಿಕೊಂಡು, ಪುಟ್ಟ ಚೀಲದಲ್ಲಿ ರಸದಾನಿ ಸೇರುತ್ತದೆ. ಮೂರು ಹೆಸರು, ಒಂದೇ ದಾರಿ. ಪ್ರಾಣಿಕೋಶದಲ್ಲಿ ಇಂಥ ಕಿಣ್ವ ತುಂಬಿದ ಇನ್ನೊಂದು ಚೀಲ ಲೈಸೋಸೋಮ್, ಅದಕ್ಕೆ 'ಆತ್ಮಹತ್ಯಾ ಚೀಲ' ಎಂದು ಬರೆಸುತ್ತಾರೆ. ನನಗೆ ಆ ಹೆಸರು ಇಷ್ಟವಿಲ್ಲ. ಅದರ ದಿನನಿತ್ಯದ ಕೆಲಸ ಹಳೆಯ, ಹಾಳಾದ ಭಾಗಗಳನ್ನು ಕರಗಿಸುವುದು. ಸಸ್ಯಗಳಲ್ಲಿ ಆ ಕೆಲಸವನ್ನೂ ಬಹುಪಾಲು ರಸದಾನಿಯೇ ಮಾಡುತ್ತದೆ.

ಬಣ್ಣ ಹಾಕಿದ ಸ್ಲೈಡಿಗೆ ಮತ್ತೆ ಬನ್ನಿ. ಪ್ರತಿ ಕೋಶದ ಅಂಚಿನ ಹತ್ತಿರ ಒಂದು ಗಾಢ ಚುಕ್ಕೆ ಕಾಣುತ್ತದೆ, ಅದು ಕೋಶಕೇಂದ್ರ. 1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡದ ಕೋಶಗಳಲ್ಲಿ ಇದನ್ನು ಗಮನಿಸಿ ಹೆಸರಿಟ್ಟ. ರಸದಾನಿ ತಳ್ಳಿರುವುದರಿಂದ ಅಂಚಿಗೆ ಸರಿದಿದೆ, ಚಿತ್ರದಲ್ಲೂ ನಡುವೆ ಬರೆಯಬೇಡಿ. ಒಳಗೆ ಡಿಎನ್‌ಎ, ಅಂದರೆ ಯಾವ ಪ್ರೋಟೀನು ಹೇಗೆ ಕಟ್ಟಬೇಕು ಎಂಬ ಬರಹ. ಆ ಡಿಎನ್‌ಎ ಸುತ್ತಿಟ್ಟ ಎಳೆಗಳೇ ಕ್ರೋಮೋಸೋಮು: ಈರುಳ್ಳಿಗೆ 16, ನಮಗೆ 46. ನಮ್ಮ ಬೆಳೆದ ಕೆಂಪು ರಕ್ತಕಣ ಮಾತ್ರ ಕೋಶಕೇಂದ್ರವನ್ನೇ ಹೊರಹಾಕಿ ಆ ಜಾಗದಲ್ಲೂ ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತದೆ. ಹಾಳಾದದ್ದನ್ನು ರಿಪೇರಿ ಮಾಡಿಕೊಳ್ಳಲು ಆಗದೆ ಸುಮಾರು 120 ದಿನಕ್ಕೆ ಅದರ ಕಥೆ ಮುಗಿಯುತ್ತದೆ.

ಇನ್ನೊಂದು ತಪ್ಪು ಕಲ್ಪನೆ: ಪ್ರಾಣಿಗೆ ಮೈಟೊಕಾಂಡ್ರಿಯ, ಗಿಡಕ್ಕೆ ಕ್ಲೋರೋಪ್ಲಾಸ್ಟ್ ಅಂತ ಹಂಚಿಬಿಡುವುದು. ಗಿಡಕ್ಕೆ ಮೈಟೊಕಾಂಡ್ರಿಯವೂ ಬೇಕು. ಕ್ಲೋರೋಪ್ಲಾಸ್ಟ್ ಬೆಳಕಿನಿಂದ ಸಕ್ಕರೆ ಮಾಡುತ್ತದೆ, ಮೈಟೊಕಾಂಡ್ರಿಯ ಆ ಸಕ್ಕರೆಯಿಂದ ಕೋಶ ಬಳಸಬಲ್ಲ ಶಕ್ತಿ ತೆಗೆಯುತ್ತದೆ. ಬುಟ್ಟಿಯಲ್ಲಿ ಸುಮ್ನೆ ಬಿದ್ದಿರುವ ಈರುಳ್ಳಿಯೂ ಹೀಗೆ ಉಸಿರಾಡುತ್ತಲೇ ಇರುತ್ತದೆ. ಮರೆತು ಬಿಟ್ಟರೆ ಗಡ್ಡೆಯಲ್ಲಿ ಕೂಡಿಟ್ಟ ಸಕ್ಕರೆಯನ್ನೇ ಖರ್ಚು ಮಾಡಿ ಮೊಳಕೆ ಬಿಡುತ್ತದೆ. ಬೆಳಕಿಗೆ ಬಂದ ಆ ಎಲೆ ಹಸಿರಾಗುತ್ತದೆ. ಅದರ ತೆಳುವಾದ ಚೂರನ್ನು ಸ್ಲೈಡಿನಲ್ಲಿಟ್ಟು ನೋಡಿ. ಪರೀಕ್ಷೆಯಲ್ಲಿ ನಾನು ಬರೆದ ಹಸಿರು ಚುಕ್ಕೆಗಳು ಅಲ್ಲಿವೆ.