ಸ್ಲೋ ಪ್ಲೇ: ಬ್ರಿಡ್ಜ್ ಮೇಜಿನ ಹೊತ್ತು ಯಾರದು?

ಮನೆಯ ಜಗಲಿಯಲ್ಲಿ ಇಸ್ಪೀಟು ಆಡುವಾಗ ಹೊತ್ತಿನ ಹಂಗಿಲ್ಲ. ಒಬ್ಬರು ಎಲೆ ಹಿಡಿದು ಯೋಚಿಸುತ್ತ ಕೂತರೆ ಉಳಿದವರು ಕಾಯುತ್ತಾರೆ, ಅಷ್ಟೇ. ಬ್ರಿಡ್ಜ್ ಕ್ಲಬ್ಬಿನಲ್ಲಿ ಹಾಗಲ್ಲ, ಕಾಯುವುದು ನಿಮ್ಮ ಮೇಜಿನ ಮೂವರು ಮಾತ್ರವಲ್ಲ. ‘ಸ್ಲೋ ಪ್ಲೇ’, ಅಂದರೆ ನಿಧಾನದ ಆಟ, ಎಂಬ ದೂರು ಏಳುವುದೇ ಅಲ್ಲಿ.

ಕ್ಲಬ್ಬುಗಳಲ್ಲಿ ಆಡುವುದು ಡುಪ್ಲಿಕೇಟ್ ಬ್ರಿಡ್ಜ್. ಎಲ್ಲ ಮೇಜಿನವರೂ ಅದೇ ಎಲೆಗಳನ್ನು ಆಡಲೆಂದು, ಒಮ್ಮೆ ಹಂಚಿದ ಎಲೆಗಳನ್ನು ನಾಲ್ಕು ಗೂಡಿನ ಬೋರ್ಡಿನಲ್ಲಿಟ್ಟು ಮೇಜಿನಿಂದ ಮೇಜಿಗೆ ಸಾಗಿಸುತ್ತಾರೆ. ಎದುರುಬದುರು ಕೂತ ಇಬ್ಬರು ಒಂದು ಜೋಡಿ, ಕೂತ ದಿಕ್ಕೇ ಅವರ ಹೆಸರು. ಮಿಚೆಲ್ ಪದ್ಧತಿಯಲ್ಲಿ ಉತ್ತರ-ದಕ್ಷಿಣ ಜೋಡಿ ಕೂತಲ್ಲೇ ಇರುತ್ತದೆ. ಸುತ್ತು ಮುಗಿದಾಗ ಪೂರ್ವ-ಪಶ್ಚಿಮ ಜೋಡಿ ಒಂದು ಮೇಜು ಮುಂದಕ್ಕೆ ಹೋಗುತ್ತದೆ, ಬೋರ್ಡುಗಳು ಒಂದು ಮೇಜು ಹಿಂದಕ್ಕೆ. ಈಗ ಐದನೇ ಮೇಜು ತಡಮಾಡಿತೆನ್ನಿ. ಆರನೇ ಮೇಜಿಗೆ ಎದುರಾಳಿಗಳು ಬಂದಿಲ್ಲ, ನಾಲ್ಕನೇ ಮೇಜಿಗೆ ಬೋರ್ಡುಗಳು ಬಂದಿಲ್ಲ. ನಾಲ್ಕರಿಂದ ಎದ್ದು ಬಂದ ಜೋಡಿ ಐದರ ಕುರ್ಚಿಗಳ ಹಿಂದೆ ನಿಂತಿದೆ. ಒಂದು ಮೇಜಿನ ನಿಧಾನ ಎರಡೂ ದಿಕ್ಕಿಗೆ ಹರಡುತ್ತದೆ.

ಲೆಕ್ಕ ಸರಳ. ಒಂದು ಬೋರ್ಡಿಗೆ ಸಾಮಾನ್ಯವಾಗಿ 7.5 ನಿಮಿಷ ಹಿಡಿದರೆ 24 ಬೋರ್ಡಿಗೆ 3 ಗಂಟೆ. ಎರಡೆರಡು ಬೋರ್ಡಿನ 12 ಸುತ್ತುಗಳಲ್ಲಿ ಪ್ರತಿ ಸುತ್ತೂ ಬರೀ 2 ನಿಮಿಷ ಜಾರಿದರೆ ಇಡೀ ಕ್ಲಬ್ಬು ಮನೆ ಸೇರುವುದು 24 ನಿಮಿಷ ತಡ.

ಆದರೆ ಯೋಚಿಸುವುದೇ ಸ್ಲೋ ಪ್ಲೇ ಅಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಒಂದೊಂದು ಎಲೆಗೆ ಇಷ್ಟೇ ಸೆಕೆಂಡು ಎಂದು ನಿಯಮಾವಳಿ ಕಟ್ಟುಹಾಕುವುದಿಲ್ಲ. 90ನೇ ನಿಯಮ ದಂಡಕ್ಕೆ ಗುರಿಮಾಡುವುದು ಮಿತಿಮೀರಿದ ನಿಧಾನವನ್ನು. ತೊಡಕಿನ ಕೈ ಬಂದಾಗ, ತನ್ನ ಮತ್ತು ಜೊತೆಗಾರರ ಎಲೆಗಳೆರಡನ್ನೂ ಆಡಿಸುವ ಡಿಕ್ಲೇರರ್ ಎರಡು ನಿಮಿಷ ತಲೆ ಕೆಡಿಸಿಕೊಂಡರೆ ಅದು ಆಟವೇ, ಅದಕ್ಕಾಗಿಯೇ ನಾವು ಬಂದಿರುವುದು. ಹೊತ್ತು ಸೋರುವುದು ಬೇರೆ ಕಡೆ. ಮುಗಿದ ಬೋರ್ಡಿನ ಬಗ್ಗೆ ‘ನೀನು ತುರುಪು ಯಾಕೆ ಆಡಲಿಲ್ಲ’ ಎಂಬ ಚರ್ಚೆ, ಸ್ಕೋರು ಬರೆಯುವ ಮೊದಲೇ ಬೇರೆಯವರ ಅಂಕ ನೋಡುವ ಆಸೆ, ಡಮ್ಮಿಯಾದವರು (ಎಲೆ ಮೇಜಿನ ಮೇಲೆ ಬಿಚ್ಚಿಟ್ಟ ಆ ಜೊತೆಗಾರರು) ಕಾಫಿಗೆ ಎದ್ದು ಹೋಗುವುದು.

ಇನ್ನೊಂದು ಕಾರಣ, ಕ್ಲೇಮ್ ಮಾಡಲು ಹಿಂಜರಿಕೆ. ಉಳಿದ ಟ್ರಿಕ್ಕುಗಳು (ನಾಲ್ವರೂ ಒಂದೊಂದು ಎಲೆ ಇಳಿಸುವ ಪಟ್ಟುಗಳು) ಯಾರಿಗೆಂದು ಖಚಿತವಾದಾಗ ಎಲೆ ತೋರಿಸಿ, ಯಾವ ಕ್ರಮದಲ್ಲಿ ಆಡುತ್ತೇನೆಂದು ಹೇಳಿ ಆಟ ಮುಗಿಸುವುದೇ ಕ್ಲೇಮ್. ಹೊಸಬರಿಗೆ ಇದು ಜಂಬದಂತೆ ಕಾಣುತ್ತದೆ. ನಿಜದಲ್ಲಿ ಅದು ಮರ್ಯಾದೆ: ಗೊತ್ತಾಗಿಹೋದ ಎಲೆಗಳಿಗೆ ಕಳೆಯುತ್ತಿದ್ದ ನಿಮಿಷವನ್ನು ಮುಂದಿನ ಕಷ್ಟದ ಕೈಗೆ ಉಳಿಸಿಕೊಟ್ಟಂತೆ.

ಹಾಗೆಂದು ಅವಸರವೂ ಮದ್ದಲ್ಲ. ಸುಲಭದ ಬಿಡ್ಡನ್ನು (ಆಟಕ್ಕೆ ಮುನ್ನ, ಇಷ್ಟು ಟ್ರಿಕ್ಕು ಗೆಲ್ಲುತ್ತೇವೆಂಬ ಕೂಗನ್ನು) ಥಟ್ಟನೆ ಇಟ್ಟು ಕಷ್ಟದ್ದಕ್ಕೆ ತಡೆದರೆ ಆ ತಡೆಯೇ ಜೊತೆಗಾರರಿಗೆ ಸುಳಿವಾಗುತ್ತದೆ, ಅಂಥ ಸುಳಿವನ್ನು ಬಳಸಿಕೊಳ್ಳುವಂತಿಲ್ಲ. ಎದುರಾಳಿ ಹಂತ ಹಾರಿಸಿ ಬಿಡ್ ಮಾಡಿದಾಗ, ಕೈಯಲ್ಲಿ ಏನೂ ಇಲ್ಲದಿದ್ದರೂ ಸುಮಾರು 10 ಸೆಕೆಂಡು ತಡೆಯಬೇಕೆಂಬ ರೂಢಿ ಇರುವುದು ಇದಕ್ಕೇ. ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ಒಂದೇ ಹದ.

ಸಮಯ ತೀರಾ ಮೀರಿ, ಆಟದ ಮೇಲ್ವಿಚಾರಣೆ ಮಾಡುವ ಡೈರೆಕ್ಟರ್ ಒಂದು ಬೋರ್ಡನ್ನು ಆಡಿಸದೆ ತೆಗೆದರೆ, ತಪ್ಪು ಯಾರದೆಂಬುದರ ಮೇಲೆ ಅಂಕ ನಿಲ್ಲುತ್ತದೆ. ಆ ಬೋರ್ಡಿನ ಅಂಕದಲ್ಲಿ ತಪ್ಪಿತಸ್ಥ ಜೋಡಿಗೆ ಹೆಚ್ಚೆಂದರೆ ಶೇಕಡ 40, ತಪ್ಪಿಲ್ಲದವರಿಗೆ ಕನಿಷ್ಠ ಶೇಕಡ 60, ಭಾಗಶಃ ಕಾರಣರಾದವರಿಗೆ 50. ಇಲ್ಲೇ ಮನಸ್ತಾಪ ಹುಟ್ಟುವುದು, ಏಕೆಂದರೆ ತಡವಾಗಿ ಬಂದ ಜೋಡಿ ಹಿಂದಿನ ಮೇಜಿನಲ್ಲಿ ತಾನೇ ಕಾದು ಕೂತಿದ್ದಿರಬಹುದು. ಅದಕ್ಕೇ ಕೊನೆಯ ಗಳಿಗೆವರೆಗೆ ಸುಮ್ಮನಿರದೆ, ಹಿಂದೆ ಬಿದ್ದ ಕೂಡಲೇ ಡೈರೆಕ್ಟರನ್ನು ಕರೆದು ಹೇಳಿಬಿಡಬೇಕು. ‘ತಡವಾಗಿ ಬಂದೆವು, ಈ ಸುತ್ತಿನಲ್ಲಿ ಸರಿದೂಗಿಸೋಣ’ ಎಂದು ಎದುರು ಕೂತವರಿಗೂ ಹೇಳಿದರೆ, ನಾಲ್ವರೂ ಎಲೆ ಎತ್ತಿಕೊಳ್ಳುವ ರೀತಿಯೇ ಬದಲಾಗುತ್ತದೆ.